ಹುಡುಗರ ಮೌನಕ್ಕೂ ಕಿವಿಗೊಡೋಣ



ಜನವರಿ 31 ಸಂತ ಜಾನ್ ಬೋಸ್ಕೋರ ಹಬ್ಬ. 1841ರ ಡಿಸೆಂಬರ್ 8ರಂದು ಇಟಲಿಯ ಟ್ಯೂರಿನ್ ನಗರದಲ್ಲಿ, ದೇವಾಲಯದ ಸೇವಕ ಹೊಡೆದು ಓಡಿಸಿದ್ದ ಅನಾಥ ಹುಡುಗ ಬಾರ್ತಲೋಮಿಯೊ ಗರೆಲ್ಲಿಯನ್ನು ಅವರು ಮರಳಿ ಕರೆಸಿದರು. ಓದು ಬಾರದು, ಹಾಡು ಬಾರದು ಎಂದವನಿಗೆ, ಸಿಳ್ಳೆ ಹಾಕಲು ಬರುತ್ತದೆಯೇ ಎಂದು ಕೇಳಿದರು. ಹುಡುಗ ನಕ್ಕ, ಮಾತು ಬೆಳೆಯಿತು.

ತ್ಯಾವಣಿಗೆಯಂಥ ನಮ್ಮ ಊರುಗಳಲ್ಲಿ ಗಂಡುಮಕ್ಕಳು ಅಳಬಾರದೆಂದೇ ಬೆಳೆಸುತ್ತೇವೆ. ಹಾಗಾಗಿ ಅವರ ದುಃಖ ಎಷ್ಟೋ ಸಲ ಕಣ್ಣೀರಾಗದೆ ಸಿಟ್ಟಾಗಿ ಹೊರಬರುತ್ತದೆ. ನಿದ್ದೆಗೇಡು, ಊಟ ಸೇರದಿರುವುದು, ಗೆಳೆಯರನ್ನು ದೂರವಿಡುವುದು, ಶಾಲೆ ತಪ್ಪಿಸುವುದು ಎರಡು ವಾರ ಮೀರಿದರೆ ಸೋಮಾರಿತನವೆಂದು ಗದರದೆ, ಪಕ್ಕದಲ್ಲಿ ಕುಳಿತು ಕೇಳೋಣ. ಅವನಿಗೆ ನಂಬಿಕೆಯಿರುವ ಶಿಕ್ಷಕರೊಬ್ಬರ ಬಳಿ ಹೇಳಿಕೊಳ್ಳಲು ಧೈರ್ಯ ತುಂಬೋಣ. ಬೇಕಾದರೆ ನಾವೂ ಜೊತೆಗೆ ಹೋಗೋಣ. 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಮಾತು ಬಂದರಂತೂ ಒಂಟಿಯಾಗಿ ಬಿಡದೆ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯೋಣ.

ಗೆತ್ಸೆಮನಿ ತೋಟದಲ್ಲಿ ಯೇಸುಸ್ವಾಮಿಯೇ ತಮ್ಮ ಸಂಕಟವನ್ನು ಶಿಷ್ಯರಿಗೆ ಹೇಳಿಕೊಂಡು, ಜೊತೆಗಿರಲು ಬೇಡಿದರು. ನೋವು ಹೇಳಿಕೊಳ್ಳುವುದು ಹೇಡಿತನವಲ್ಲ. ಮನೆಯಲ್ಲಿ ಪ್ರಾರ್ಥನೆಯೂ ಇರಲಿ, ಬೇಕಾದಾಗ ಚಿಕಿತ್ಸೆಯೂ ಇರಲಿ.