ಅರಿಶಿನ ಕೆಂಪಾಗಿಸುವ ಬಿಲ್ಲೆ

‘ದೀಪಾವಳಿಗೆ ತಂದ ಎಲ್‌ಇಡಿ ಹಣತೆಯ ಸೆಲ್ಲನ್ನು ಮೊಮ್ಮಗ ಬಾಯಿಗೆ ಹಾಕಿಕೊಂಡಿದ್ದ. ಪುಣ್ಯಕ್ಕೆ ನೋಡಿದೆವು. ನುಂಗಿದ್ದರೂ ನಾಣ್ಯದ ಹಾಗೆ ಮಾರನೇ ದಿನ ಹೊರಗೆ ಬೀಳುತ್ತಿತ್ತಲ್ಲವೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಹೊಟ್ಟೆಗೆ ಇಳಿದಿದ್ದರೆ ಬಹುಶಃ ಬೀಳುತ್ತಿತ್ತು. ಆದರೆ ಸಿಆರ್2032 ಎಂದು ಬರೆದಿರುವ ಲಿಥಿಯಂ ಸೆಲ್ಲು (20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ) ಪುಟ್ಟ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಆಳವಾಗಿ ಸುಟ್ಟುಬಿಡಬಲ್ಲದು. ಸೆಲ್ಲು ಒಡೆದು ಆಸಿಡ್ ಸೋರುತ್ತದೆ ಎಂದು ಹಲವರ ಎಣಿಕೆ. ಒಡೆಯಬೇಕಾಗಿಯೇ ಇಲ್ಲ, ಸುಡುವುದು ಆಸಿಡ್ಡೂ ಅಲ್ಲ, ಕ್ಷಾರ.

ದೃಷ್ಟಿ ತೆಗೆಯುವ ಓಕುಳಿ ನೀರು ನೆನಪಿದೆಯೇ? ಅರಿಶಿನದ ನೀರಿಗೆ ಚೂರು ಸುಣ್ಣ ಬಿದ್ದರೆ ಕೆಂಪು. ಕ್ಷಾರದ ಗುರುತು ಅದು. ನಾನೊಮ್ಮೆ ಉಪ್ಪು, ಅರಿಶಿನ ಕದಡಿದ ನೀರಿನಲ್ಲಿ ಹತ್ತಿ ನೆನೆಸಿ, ನಡುವೆ ಹೊಸ ಸೆಲ್ಲು ಇಟ್ಟು ಅಮುಕಿದೆ. ಸುಣ್ಣದ ಸುಳಿವಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಸೆಲ್ಲಿನ ಋಣ ಮುಖಕ್ಕೆ ತಾಗಿದ ಹತ್ತಿ ಕೆಂಪಾಗಿತ್ತು, ಸಣ್ಣ ಗುಳ್ಳೆಗಳೂ ಎದ್ದಿದ್ದವು. ನೀರನ್ನು ಒಡೆಯಲು 3 ವೋಲ್ಟ್ ಧಾರಾಳ ಸಾಕು: ಹೈಡ್ರೋಜನ್ ಗುಳ್ಳೆಯಾಗಿ ಹೋಗುತ್ತದೆ, ಹೈಡ್ರಾಕ್ಸೈಡ್ ಅಲ್ಲೇ ಉಳಿಯುತ್ತದೆ. ವಿದ್ಯುತ್ತು ನೀರನ್ನು ಒಡೆಯುವುದನ್ನು 1800ರಲ್ಲೇ, ವೋಲ್ಟಾನ ಬ್ಯಾಟರಿಯ ಸುದ್ದಿ ಲಂಡನ್ ತಲುಪುತ್ತಿದ್ದಂತೆ, ವಿಲಿಯಂ ನಿಕಲ್ಸನ್ ಮತ್ತು ಆಂಟನಿ ಕಾರ್ಲೈಲ್ ಕಂಡಿದ್ದರು. ಕಾರ್ಲೈಲ್ ವೃತ್ತಿಯಲ್ಲಿ ಶಸ್ತ್ರವೈದ್ಯ, ನೋಡಿ! ಮಗುವಿನಲ್ಲಿ ಹತ್ತಿಯ ಜಾಗಕ್ಕೆ ಅನ್ನನಾಳದ ಗೋಡೆ, ಉಪ್ಪುನೀರಿನ ಜಾಗಕ್ಕೆ ಜೊಲ್ಲು. ರಿಮೋಟ್ ನಡೆಸಲಾಗದೆ ‘ಸತ್ತ’ ಸೆಲ್ಲಿನಲ್ಲೂ ಇಷ್ಟಕ್ಕೆ ಬೇಕಾದ ಕಸುವು ಉಳಿದಿರುತ್ತದೆ.

ಜೇನುತುಪ್ಪ ಕೊಟ್ಟರೆ ಗಾಯ ತಗ್ಗುತ್ತದೆಂದು 2018ರಲ್ಲಿ ಅಮೆರಿಕದ ಸಂಶೋಧಕರು ಹಂದಿಮರಿಗಳಲ್ಲಿ ತೋರಿಸಿದರು. ಇದನ್ನೇ ‘ಜೇನೇ ಮದ್ದು’ ಎಂದು ಹಿಗ್ಗಿಸುವುದು ನನಗೆ ಒಪ್ಪಿಗೆಯಿಲ್ಲ. ಜೇನು ತುಸು ಆಮ್ಲೀಯ, ಅಂಟಂಟು; ಆಸ್ಪತ್ರೆ ತಲುಪುವ ತನಕ ಹಾನಿಯನ್ನು ಒಂದಿಷ್ಟು ತಡೆಯುತ್ತದೆ, ಅಷ್ಟೇ. ವರ್ಷ ದಾಟಿದ, ನುಂಗಬಲ್ಲ ಮಗುವಿಗೆ, ಸೆಲ್ಲು ನುಂಗಿ 12 ಗಂಟೆ ಆಗಿರದಿದ್ದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ, ಹೆಚ್ಚೆಂದರೆ ಆರು ಸಲ. ಜೇನು ಹುಡುಕುತ್ತಾ ಹೊತ್ತು ಕಳೆಯಬೇಡಿ. ವರ್ಷ ತುಂಬದ ಕೂಸಿಗೆ ಕೊಡಲೇಕೂಡದು, ಬೊಟುಲಿಸಂ ತಗಲೀತು; ಎಳೆಗೂಸಿಗೆ ಜೇನು ನೆಕ್ಕಿಸುವ ರೂಢಿಯನ್ನು ವೈದ್ಯರು ಬೇಡವೆನ್ನುವುದೂ ಅದಕ್ಕೇ. ಬಾಳೆಹಣ್ಣು ತಿನ್ನಿಸುವುದು, ಬೆರಳು ಹಾಕಿ ವಾಂತಿ ಮಾಡಿಸುವುದು, ಎರಡೂ ಬೇಡ.

ಎಕ್ಸ್‌ರೇಯಲ್ಲಿ ನಾಣ್ಯ ಬರೀ ಬಿಲ್ಲೆಯಂತೆ ಕಾಣುತ್ತದೆ. ಸೆಲ್ಲಿಗೆ ಅಂಚಿನೊಳಗೆ ಇನ್ನೊಂದು ಉಂಗುರ ಇರುತ್ತದೆ. ಅನುಮಾನ ಬಂದರೂ ಸಾಕು, ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಹೊರಡಿ. ‘ಸೆಲ್ಲು ನುಂಗಿರಬಹುದು’ ಎಂಬುದೇ ಅಲ್ಲಿ ನಿಮ್ಮ ಮೊದಲ ಮಾತಾಗಿರಲಿ.

ಹಳೇ ಸೆಲ್ಲಿನ ಎರಡೂ ಮುಖಕ್ಕೆ ಟೇಪು ಅಂಟಿಸಿ, ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಿ. ಇನ್ನು ಆ ಹಣತೆಯ ತಳ ತಿರುಗಿಸಿ ನೋಡಿ. ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಅದು ಮಕ್ಕಳಿರುವ ಮನೆಗೆ ತಕ್ಕದ್ದಲ್ಲ.