ಆಸ್ಪತ್ರೆಯ ಹಾಸಿಗೆಯಲ್ಲಿ ಮಗು: ವಯಸ್ಸಿಗೆ ತಕ್ಕ ನಿಜ, ಮನೆಯ ಮಾತು

ಸವಣೂರು, ಬೆಳಂದೂರು, ಕಾಣಿಯೂರು ಸುತ್ತಮುತ್ತಲ ಅಡಿಕೆ ಮತ್ತು ರಬ್ಬರ್ ತೋಟಗಳ ಊರುಗಳಲ್ಲಿ ಮಗುವಿನ ಜ್ವರ ಬಿಡದಿದ್ದಾಗ ಕುಟುಂಬವು ಮೊದಲು ಪುತ್ತೂರಿಗೆ ಹೋಗುತ್ತದೆ. ಕಾಯಿಲೆ ಗಂಭೀರವೆಂದು ಕಂಡರೆ ಅಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿಗೆ, 1848ರಲ್ಲಿ ಆರಂಭವಾದ ವೆನ್ಲಾಕ್ ಆಸ್ಪತ್ರೆಗೋ ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳಿಗೋ, ಇಲ್ಲವೇ ಸುಳ್ಯದ ಕೆ.ವಿ.ಜಿ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಸಾಗುತ್ತದೆ. ಈ ಇಡೀ ಪ್ರಯಾಣದಲ್ಲಿ ವೈದ್ಯರು ತಂದೆಯೊಡನೆ, ತಂದೆ ಮಾವನೊಡನೆ, ತಾಯಿ ಫೋನಿನಲ್ಲಿ ಅಜ್ಜಿಯೊಡನೆ ಮಾತನಾಡುತ್ತಾರೆಯೇ ಹೊರತು, ಯಾರಿಗಾಗಿ ಈ ಓಡಾಟವೋ ಆ ಮಗುವಿನೊಡನೆ ಮಾತನಾಡುವವರು ಅಪರೂಪ. ಆದರೂ ‘ಕೌಂಟ್ ಇಳಿದಿದೆ’, ‘ಅಡ್ಮಿಟ್ ಆಗಬೇಕು’, ‘ಮಂಗಳೂರಿಗೆ ಕೊಂಡುಹೋಗಿ’ ಎಂಬ ತುಂಡು ಮಾತುಗಳು ಮಗುವಿನ ಕಿವಿಗೆ ಬೀಳುತ್ತಲೇ ಇರುತ್ತವೆ, ಮತ್ತು ಅವುಗಳಿಂದ ಅದು ತನ್ನದೇ ಆದ ಅರ್ಥವನ್ನು, ಬಹಳ ಸಲ ವಾಸ್ತವಕ್ಕಿಂತ ಹೆಚ್ಚು ಭಯಾನಕವಾದ ಅರ್ಥವನ್ನು, ಕಟ್ಟಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿರುವ ಮಗುವಿಗೆ ಅದರ ವಯಸ್ಸಿಗೆ ತಕ್ಕಂತೆ, ಅದರ ಮನೆಯ ಮಾತಿನಲ್ಲಿ ನಿಜವನ್ನು ಹೇಳುವುದು ಔಷಧದಷ್ಟೇ ಮುಖ್ಯವಾದ ಚಿಕಿತ್ಸೆ.

ಈ ಅರಿವು ವೈದ್ಯಲೋಕಕ್ಕೆ ಸುಲಭವಾಗಿ ಬಂದದ್ದಲ್ಲ. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಬ್ರಿಟನ್ನಿನ ಅನೇಕ ಆಸ್ಪತ್ರೆಗಳಲ್ಲಿ ತಾಯಿತಂದೆಯರು ಮಗುವನ್ನು ನೋಡಲು ಬರುವುದಕ್ಕೆ ಕಟ್ಟುನಿಟ್ಟಿನ ಮಿತಿಯಿತ್ತು. ತಾಯಿ ಹೋದ ಮೇಲೆ ಸುಮ್ಮನಾದ ಮಗುವನ್ನು ‘ಹೊಂದಿಕೊಂಡ ಮಗು’ ಎಂದು ಭಾವಿಸಲಾಗುತ್ತಿತ್ತು. ಜೇಮ್ಸ್ ರಾಬರ್ಟ್‌ಸನ್ ಎಂಬ ಸಮಾಜಕಾರ್ಯಕರ್ತರು 1952ರಲ್ಲಿ ಎರಡು ವರ್ಷದ ಬಾಲೆಯೊಬ್ಬಳ ಎಂಟು ದಿನಗಳ ಆಸ್ಪತ್ರೆವಾಸವನ್ನು ಚಿತ್ರೀಕರಿಸಿ ತೋರಿಸಿದಾಗ, ಆ ಮೌನವು ಸಮಾಧಾನವಲ್ಲ, ಸಂಕಟ ಎಂಬುದು ಕಣ್ಣಿಗೆ ಕಟ್ಟಿತು. ಅಗಲಿಕೆಗೆ ಒಳಗಾದ ಎಳೆಯ ಮಗು ಮೊದಲು ಅತ್ತು ಪ್ರತಿಭಟಿಸುತ್ತದೆ, ಅನಂತರ ಹತಾಶೆಯಿಂದ ಮಂಕಾಗುತ್ತದೆ, ಕೊನೆಗೆ ತಾಯಿ ಬಂದರೂ ಮುಖ ತಿರುಗಿಸುವಷ್ಟು ದೂರವಾಗುತ್ತದೆ ಎಂದು ಅವರು ಗುರುತಿಸಿದರು. 1959ರ ಪ್ಲಾಟ್ ವರದಿಯು ತಾಯಿತಂದೆಯರಿಗೆ ಮುಕ್ತ ಪ್ರವೇಶವಿರಬೇಕೆಂದು ಶಿಫಾರಸು ಮಾಡಿತು. ಕರಾವಳಿಯ ಮಕ್ಕಳ ವಾರ್ಡುಗಳಲ್ಲಿ ತಾಯಿ, ಹೆಚ್ಚಿನ ವೇಳೆ ಅಜ್ಜಿಯೂ, ಹಾಸಿಗೆಯ ಬಳಿಯೇ ಇರುತ್ತಾರೆ ಎಂಬುದು ನಮ್ಮ ದೊಡ್ಡ ಬಲ. ಆದರೆ ತೀವ್ರ ನಿಗಾ ಘಟಕದ ಬಾಗಿಲು ಮುಚ್ಚಿಕೊಂಡಾಗ ಇಲ್ಲಿನ ಮಗುವೂ ಅದೇ ಅಗಲಿಕೆಯನ್ನು ಅನುಭವಿಸುತ್ತದೆ.

ಮಗುವಿನ ಯೋಚನೆ ದೊಡ್ಡವರ ಯೋಚನೆಯ ಚಿಕ್ಕ ಪ್ರತಿಯಲ್ಲ, ಅದು ಬೇರೆಯೇ ರೀತಿಯದು ಎಂಬುದನ್ನು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ವಿವರಿಸಿದರು. ಎರಡು ವರ್ಷದವರೆಗೆ ಮಗು ಇಂದ್ರಿಯ ಮತ್ತು ಚಲನೆಗಳ ಮೂಲಕ, ಎರಡರಿಂದ ಏಳರವರೆಗೆ ಕಲ್ಪನೆ ಮತ್ತು ಸಂಕೇತಗಳ ಮೂಲಕ, ಏಳರಿಂದ ಹನ್ನೊಂದರವರೆಗೆ ಕಣ್ಣಿಗೆ ಕಾಣುವ ವಸ್ತುಗಳ ತರ್ಕದ ಮೂಲಕ, ಅನಂತರ ಅಮೂರ್ತ ವಿಚಾರಗಳ ಮೂಲಕ ಲೋಕವನ್ನು ಅರಿಯುತ್ತದೆ ಎಂಬುದು ಅವರ ವಿಂಗಡಣೆಯ ಸಾರ. ಈ ಗೆರೆಗಳು ಗೋಡೆಗಳಲ್ಲ. ಜ್ವರ ಮತ್ತು ನೋವಿನಲ್ಲಿರುವ ಎಂಟು ವರ್ಷದ ಬಾಲಕನು ನಾಲ್ಕು ವರ್ಷದವನಂತೆ ತಾಯಿಯ ಸೆರಗು ಹಿಡಿಯುವುದು ಸಹಜ, ಅದನ್ನು ಹಟವೆಂದು ಗದರಿಸುವುದು ತಪ್ಪು.

ಹಸುಳೆಗೆ ಮಾತಿನ ಅರ್ಥಕ್ಕಿಂತ ಸ್ವರ, ಸ್ಪರ್ಶ ಮತ್ತು ವಾಸನೆಗಳೇ ಭಾಷೆ. ಎಂಟು ತಿಂಗಳ ಹೊತ್ತಿಗೆ ಅದು ಪರಿಚಿತರನ್ನೂ ಅಪರಿಚಿತರನ್ನೂ ಸ್ಪಷ್ಟವಾಗಿ ಬೇರ್ಪಡಿಸತೊಡಗುವುದರಿಂದ, ವೈದ್ಯರು ನೇರವಾಗಿ ಮಗುವಿನ ಮೇಲೆ ಬಾಗುವ ಬದಲು ಮೊದಲು ತಾಯಿಯೊಡನೆ ಶಾಂತವಾಗಿ ಮಾತನಾಡಿ, ಮಗು ಅವಳ ಮಡಿಲಲ್ಲಿರುವಾಗಲೇ ಪರೀಕ್ಷಿಸುವುದು ಒಳಿತು. ಚುಚ್ಚುಮದ್ದಿನ ನೋವನ್ನು ಕಡಿಮೆ ಮಾಡುವ ಕುರಿತು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಸಲಹೆಯಲ್ಲಿ ಹಸುಳೆಗಳಿಗೆ ಆ ಹೊತ್ತಿನಲ್ಲಿ ಎದೆಹಾಲುಣಿಸುವುದೂ ಮಗುವನ್ನು ಎತ್ತಿಕೊಂಡಿರುವುದೂ ಸೇರಿವೆ. ತಾಯಿಯ ಹಳೆಯ ಸೀರೆಯ ತುಂಡು, ಮನೆಯ ಜೋಗುಳದ ರಾಗ ಇವೇ ಈ ವಯಸ್ಸಿನ ಮಾಹಿತಿ.

ಒಂದರಿಂದ ಮೂರು ವರ್ಷದ ಮಗುವಿಗೆ ಕಾಲದ ಅಳತೆ ಇನ್ನೂ ತಿಳಿಯದು. ‘ಈಗ ಬರುತ್ತೇನೆ’ ಎಂದು ಹೇಳಿ, ಮಗು ಬೇರೆ ಕಡೆ ನೋಡುತ್ತಿದ್ದಾಗ ಮೆಲ್ಲನೆ ಜಾರಿಕೊಳ್ಳುವ ತಂದೆ ಅದರ ಅಳುವನ್ನು ತಪ್ಪಿಸಿದಂತೆ ಕಂಡರೂ, ಯಾರು ಯಾವಾಗ ಮಾಯವಾಗುವರೋ ಎಂಬ ಕಾವಲಿನ ಭಯವನ್ನು ಅದರೊಳಗೆ ಬಿಟ್ಟು ಹೋಗುತ್ತಾನೆ. ‘ಅಜ್ಜಿ ನಿನಗೆ ಗಂಜಿ ಉಣಿಸುತ್ತಾರೆ, ಉಂಡಾದ ಮೇಲೆ ಅಪ್ಪ ಬರುತ್ತಾನೆ’ ಎಂದು ಮಗುವಿಗೆ ಗೊತ್ತಿರುವ ಘಟನೆಗೆ ಸಮಯವನ್ನು ಕಟ್ಟಿ ಹೇಳಿ, ಹೇಳಿದಂತೆಯೇ ಬರುವುದು ಆ ವಯಸ್ಸಿಗೆ ಅರ್ಥವಾಗುವ ಪ್ರಾಮಾಣಿಕತೆ.

ಮೂರರಿಂದ ಆರು ವರ್ಷದವರೊಡನೆ ಮಾತನಾಡುವುದು ಅತ್ಯಂತ ಸೂಕ್ಷ್ಮವಾದ ಕೆಲಸ, ಏಕೆಂದರೆ ಈ ಮಕ್ಕಳು ಕೇಳಿದ ಮಾತನ್ನು ಅಕ್ಷರಶಃ ನಂಬುತ್ತಾರೆ ಮತ್ತು ಉಳಿದದ್ದನ್ನು ಕಲ್ಪನೆಯಿಂದ ತುಂಬಿಕೊಳ್ಳುತ್ತಾರೆ. ‘ರಕ್ತ ತೆಗೆಯುತ್ತೇವೆ’ ಎಂದರೆ ಎಲ್ಲ ರಕ್ತವನ್ನೂ ತೆಗೆದುಬಿಡುತ್ತಾರೆಂದು ಅವರು ತಿಳಿಯಬಹುದು. ಸೂಜಿಯ ರಂಧ್ರದಿಂದ ದೇಹದೊಳಗಿನದೆಲ್ಲ ಸೋರಿಹೋಗುತ್ತದೆಂದು ಹೆದರುವುದರಿಂದಲೇ ಒಂದು ಚಿಕ್ಕ ಬ್ಯಾಂಡೇಜು ಅವರಿಗೆ ಅಷ್ಟು ದೊಡ್ಡ ನೆಮ್ಮದಿ ಕೊಡುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುವ ಅರಿವಳಿಕೆಯನ್ನು ಬರಿದೇ ‘ನಿದ್ರೆ’ ಎಂದರೆ, ತೀರಿಕೊಂಡ ಅಜ್ಜನೂ ‘ಮಲಗಿದ್ದಾರೆ’ ಎಂಬ ಮಾತು ಕೇಳಿರುವ ಮಗುವಿಗೆ ಅದು ಬೇರೆಯೇ ಆಗಿ ಕೇಳಿಸೀತು. ‘ಇದು ರಾತ್ರಿಯ ನಿದ್ರೆಯಲ್ಲ, ಔಷಧದ ನಿದ್ರೆ, ಅದರಲ್ಲಿ ನೋವು ಗೊತ್ತಾಗುವುದಿಲ್ಲ, ಕೆಲಸ ಮುಗಿದ ಕೂಡಲೇ ಡಾಕ್ಟರು ನಿನ್ನನ್ನು ಎಬ್ಬಿಸುತ್ತಾರೆ’ ಎಂದು ಬಿಡಿಸಿ ಹೇಳಬೇಕಾದದ್ದು ಇದಕ್ಕಾಗಿ.

ಇದೇ ವಯಸ್ಸಿನಲ್ಲಿ ಕಾಯಿಲೆಯನ್ನು ಶಿಕ್ಷೆಯೆಂದು ಭಾವಿಸುವ ಒಲವೂ ಇರುತ್ತದೆ. ‘ಮಾತು ಕೇಳದೆ ಮಳೆಯಲ್ಲಿ ಆಡಿದ್ದಕ್ಕೆ ಹೀಗಾಯಿತು’ ಎಂಬ ಹಿರಿಯರ ಗೊಣಗು, ‘ದೈವಕ್ಕೆ ಹೇಳಿಕೊಂಡ ಹರಕೆ ತೀರಿಸಲಿಲ್ಲ’ ಎಂಬ ಮನೆಯವರ ಚಿಂತೆ, ‘ಊಟ ಮಾಡದಿದ್ದರೆ ಸಿಸ್ಟರ್ ಸೂಜಿ ಚುಚ್ಚುತ್ತಾರೆ’ ಎಂಬ ದಿನನಿತ್ಯದ ಬೆದರಿಕೆ ಇವೆಲ್ಲ ಒಟ್ಟಾಗಿ ಮಗುವನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುತ್ತವೆ. ಪ್ರಾರ್ಥನೆ ಮನೆಯವರಿಗೆ ಬಲ ಕೊಡಲಿ, ಆದರೆ ‘ಈ ಜ್ವರ ನಿನ್ನ ತಪ್ಪಿನಿಂದ ಬಂದದ್ದಲ್ಲ’ ಎಂಬ ಒಂದು ವಾಕ್ಯವನ್ನು ಮಗು ಕೇಳಿಸಿಕೊಳ್ಳಲೇಬೇಕು, ಮತ್ತು ಅದು ತಾನಾಗಿ ಪ್ರಶ್ನೆ ಕೇಳದಿದ್ದರೂ ಅದನ್ನು ಹೇಳಬೇಕು.

ಐದು ವರ್ಷದ ಮಗುವಿನಿಂದ ರಕ್ತದ ಮಾದರಿ ಪಡೆಯುವ ಎರಡು ನಿಮಿಷಗಳನ್ನು ಹತ್ತಿರದಿಂದ ನೋಡಿದರೆ ಈ ತತ್ವಗಳೆಲ್ಲ ಸ್ಪಷ್ಟವಾಗುತ್ತವೆ. ನಾಲ್ವರು ಸೇರಿ ಮಲಗಿಸಿ ಒತ್ತಿ ಹಿಡಿದರೆ ನೋವಿಗಿಂತ ಮೊದಲು ಅಸಹಾಯಕತೆಯೇ ಮಗುವನ್ನು ಆವರಿಸುತ್ತದೆ. ತಾಯಿಯ ಮಡಿಲಲ್ಲಿ ನೆಟ್ಟಗೆ ಕೂರಿಸಿ, ಅವಳ ತೋಳಿನಿಂದಲೇ ಮಗುವಿನ ಕೈಯನ್ನು ನೆಲೆಗೊಳಿಸಿದರೆ ಹಿಡಿತವು ಅಪ್ಪುಗೆಯಾಗುತ್ತದೆ. ಮೊದಲು ತೋಳಿಗೆ ರಬ್ಬರಿನ ಪಟ್ಟಿ ಬಿಗಿಯುತ್ತದೆ, ಆಮೇಲೆ ಸ್ಪಿರಿಟಿನ ಹತ್ತಿ ತಣ್ಣಗೆ ತಾಗುತ್ತದೆ, ಅನಂತರ ಒಂದು ಚುಚ್ಚು ಎಂದು ಕ್ರಮವಾಗಿ, ಮಾಡುವ ಮೊದಲೇ ಹೇಳಬೇಕು. ‘ನೋವೇ ಆಗುವುದಿಲ್ಲ’ ಎಂಬ ಸುಳ್ಳು ಹೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಎಚ್ಚರಿಸುತ್ತದೆ, ಏಕೆಂದರೆ ಒಂದು ಸಲ ಹಾಗೆ ಮೋಸಹೋದ ಮಗು ಮರುದಿನ ಬಿಳಿ ಕೋಟನ್ನು ಕಂಡರೂ ಚೀರುತ್ತದೆ. ‘ಇರುವೆ ಕಚ್ಚಿದಷ್ಟೇ’ ಎಂಬ ಮಾತೂ ಎಚ್ಚರದಿಂದ ಆಡತಕ್ಕದ್ದು, ಗೇರು ಮರ ಹತ್ತಿ ಕೆಂಪಿರುವೆಯ ಕಚ್ಚುವಿಕೆ ಕಂಡಿರುವ ತೋಟದ ಮಗುವಿಗೆ ಅದು ಸಣ್ಣ ನೋವಲ್ಲ. ಎಡಗೈಯೋ ಬಲಗೈಯೋ ಎಂಬ ಆಯ್ಕೆಯನ್ನು ಮಗುವಿಗೆ ಬಿಡಬಹುದು. ಚುಚ್ಚಬಹುದೇ ಎಂದು ಕೇಳಬಾರದು, ಏಕೆಂದರೆ ಬೇಡ ಎಂಬ ಉತ್ತರವನ್ನು ಪಾಲಿಸುವುದು ಸಾಧ್ಯವಿಲ್ಲದಿದ್ದಾಗ ಕೇಳುವ ಪ್ರಶ್ನೆಯೂ ಒಂದು ಬಗೆಯ ಸುಳ್ಳೇ.

ಏಳರಿಂದ ಹನ್ನೊಂದರ ವಯಸ್ಸಿನವರು ಕಾರಣವನ್ನು ಕೇಳುತ್ತಾರೆ ಮತ್ತು ಕಣ್ಣಿಗೆ ಕಾಣುವ ಹೋಲಿಕೆಯಿಂದ ಅದನ್ನು ಅರ್ಥಮಾಡಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಅಡಿಕೆ ಹಾಳೆಗಳಲ್ಲಿ, ರಬ್ಬರ್ ಹಾಲಿನ ಚಿಪ್ಪುಗಳಲ್ಲಿ ನಿಂತ ನೀರು ಡೆಂಗಿ ಹರಡುವ ಸೊಳ್ಳೆಗೆ ನೆಲೆಯಾಗುವ ಈ ಸೀಮೆಯಲ್ಲಿ, ಡೆಂಗಿಯಿಂದ ದಾಖಲಾದ ಬಾಲಕಿಗೆ ದಿನವೂ ಏಕೆ ರಕ್ತ ಪರೀಕ್ಷೆ ಎಂಬುದು ನ್ಯಾಯವಾದ ಪ್ರಶ್ನೆ. 20 ಕಿಲೋ ತೂಕದ ಮಗುವಿನಲ್ಲಿ ಸುಮಾರು ಒಂದೂವರೆ ಲೀಟರ್ ರಕ್ತವಿರುತ್ತದೆ, ಪರೀಕ್ಷೆಗೆ ತೆಗೆಯುವುದು ಅರ್ಧ ಚಮಚದಷ್ಟು, ಮತ್ತು ಬಾವಿಯಿಂದ ಒಂದು ಕೊಡ ಸೇದಿದರೆ ಒರತೆ ಮತ್ತೆ ತುಂಬುವಂತೆ ದೇಹವೂ ಅದನ್ನು ತುಂಬಿಕೊಳ್ಳುತ್ತದೆ ಎಂದರೆ ಅವಳಿಗೆ ಲೆಕ್ಕ ಸಿಗುತ್ತದೆ. ಜ್ವರ ಇಳಿದ ಮೇಲೂ ಮನೆಗೆ ಏಕೆ ಬಿಡುವುದಿಲ್ಲ ಎಂಬುದು ಇನ್ನೂ ಕಷ್ಟದ ಪ್ರಶ್ನೆ, ಏಕೆಂದರೆ ಡೆಂಗಿಯಲ್ಲಿ ಅಪಾಯದ ಅವಧಿ ಆರಂಭವಾಗುವುದೇ ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೆ. ಆಗ ರಕ್ತನಾಳಗಳ ಗೋಡೆಯಿಂದ ದ್ರವ ಹೊರಕ್ಕೆ ಜಿನುಗಬಹುದು. ತೋಡಿಗೆ ಹಾಕಿದ ಕಟ್ಟದ ಸಂದಿನಿಂದ ನೀರು ಜಿನುಗುವುದನ್ನು ನೋಡಿ ಬೆಳೆದ ಮಗುವಿಗೆ, ಕಟ್ಟ ಗಟ್ಟಿಯಾಗುವವರೆಗೆ ಕಾವಲಿರಬೇಕು, ಡ್ರಿಪ್ಪಿನ ನೀರು ಆ ಕೊರತೆಯನ್ನು ತುಂಬುತ್ತದೆ ಎಂಬ ವಿವರಣೆ ಯಾವ ಚಿತ್ರಪಟಕ್ಕಿಂತಲೂ ಬೇಗ ತಲುಪುತ್ತದೆ.

ಹನ್ನೆರಡು ದಾಟಿದವರಿಗೆ ಕಾಯಿಲೆಯಷ್ಟೇ ಅದರ ಪರಿಣಾಮಗಳೂ ಮುಖ್ಯ: ಎಸ್‌ಎಸ್‌ಎಲ್‌ಸಿ ಪರೀಕ್ಷೆ ತಪ್ಪೀತೇ, ತಲೆಗೂದಲು ಉದುರೀತೇ, ಗೆಳೆಯರಿಗೆ ಗೊತ್ತಾದೀತೇ ಎಂಬ ಚಿಂತೆಗಳನ್ನು ಅವರು ತಂದೆಯ ಎದುರು ಬಾಯಿಬಿಟ್ಟು ಹೇಳಲಾರರು. ಪರದೆ ಎಳೆದು, ಸ್ವಲ್ಪ ಹೊತ್ತು ಅವರೊಬ್ಬರೊಡನೆಯೇ ಮಾತನಾಡಿ, ಚಿಕಿತ್ಸೆಯ ನಿರ್ಧಾರದಲ್ಲಿ ಅವರ ಅಭಿಪ್ರಾಯವನ್ನು ಕೇಳುವುದು ಸೌಜನ್ಯ ಮಾತ್ರವಲ್ಲ. ಭಾರತವು 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯು ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ಕೊಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಸಂಶೋಧನೆಗೆ ಪೋಷಕರ ಒಪ್ಪಿಗೆಯ ಜೊತೆಗೆ 7ರಿಂದ 12 ವರ್ಷದವರ ಮೌಖಿಕ ಸಮ್ಮತಿಯನ್ನೂ, 12ರಿಂದ 18 ವರ್ಷದವರ ಲಿಖಿತ ಸಮ್ಮತಿಯನ್ನೂ ಬಯಸುತ್ತದೆ.

ವಯಸ್ಸಿನಷ್ಟೇ ನಿರ್ಣಾಯಕವಾದುದು ಭಾಷೆ. ಪುತ್ತೂರು, ಕಡಬ, ಸುಳ್ಯದ ಮನೆಗಳಲ್ಲಿ ತುಳು, ಬ್ಯಾರಿ, ಅರೆಭಾಷೆ, ಹವ್ಯಕ ಕನ್ನಡ, ಮಲಯಾಳ, ಕೊಂಕಣಿ ಇವೆಲ್ಲ ಬಳಕೆಯಲ್ಲಿವೆ, ಮತ್ತು ಅಂಗನವಾಡಿಗೆ ಹೋಗುವ ಮೊದಲು ಶಿಷ್ಟ ಕನ್ನಡವನ್ನು ಕೇಳಿಯೇ ಇರದ ಮಕ್ಕಳಿದ್ದಾರೆ. ಸಾಂಪ್ರದಾಯಿಕ ತುಳುವಿನಲ್ಲಿ ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ. ಹವ್ಯಕರ ಮನೆಯಲ್ಲಿ ತಾಯಿ ‘ಅಬ್ಬೆ’, ಬ್ಯಾರಿಗಳಲ್ಲಿ ‘ಉಮ್ಮ’. ‘ಅಪ್ಪ ಎಲ್ಲಿ?’ ಎಂದು ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ತುಳು ಮಗು ತಾಯಿಯತ್ತ ಕೈತೋರಿಸಿದರೆ ಅದು ಗೊಂದಲವಲ್ಲ, ತನ್ನ ಮಾತಿನಲ್ಲಿ ಕೊಟ್ಟ ಸರಿಯಾದ ಉತ್ತರ. ‘ಬೇನೆ ಉಂಡಾ?’ ಎಂದು ಶುಶ್ರೂಷಕಿ ತುಳುವಿನಲ್ಲಿ ಕೇಳಿದ ಕ್ಷಣಕ್ಕೆ ಮಗು ತಲೆಯಾಡಿಸುವುದುಂಟು. ಬೇರೆ ಊರಿಂದ ಬಂದ ಸಿಬ್ಬಂದಿಯು ಮಗು ಮನೆಯಲ್ಲಿ ತಾಯಿಯನ್ನು ಏನೆಂದು ಕರೆಯುತ್ತದೆ, ನೋವಿಗೆ, ಮೂತ್ರಕ್ಕೆ, ಬಾಯಾರಿಕೆಗೆ ಏನನ್ನುತ್ತದೆ ಎಂಬ ನಾಲ್ಕು ಪದಗಳನ್ನು ದಾಖಲಾತಿಯ ಹಾಳೆಯಲ್ಲೇ ಬರೆದುಕೊಂಡರೆ, ಮುಂದಿನ ಹಲವು ರಾತ್ರಿಗಳ ಅಳು ತಪ್ಪುತ್ತದೆ.

ಪದವೇ ಇಲ್ಲದ ಮಕ್ಕಳೂ ಇದ್ದಾರೆ. ಗೇರು ತೋಟಗಳ ಮೇಲೆ ಸಿಂಪಡಿಸಲಾದ, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಡೆಹಿಡಿದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರು ಕಾಸರಗೋಡಿನಲ್ಲಿರುವಂತೆ ಈ ಸೀಮೆಯಲ್ಲೂ ಇದ್ದು, ಕೊಕ್ಕಡ ಮತ್ತು ಕೊಯ್ಲದಂತಹ ಊರುಗಳಲ್ಲಿ ಅವರಿಗಾಗಿ ಪಾಲನಾ ಕೇಂದ್ರಗಳು ನಡೆದಿವೆ. ಮಾತು ಬಾರದ ಮಗುವಿನ ನೋವನ್ನು ಅಳೆಯಲು ಮುಖಭಾವ, ಕಾಲುಗಳ ಬಿಗಿತ, ಚಲನೆ, ಅಳು, ಸಮಾಧಾನಕ್ಕೆ ಒಗ್ಗುವಿಕೆ ಎಂಬ ಐದು ಅಂಶಗಳಿಗೆ ಸೊನ್ನೆಯಿಂದ ಎರಡರವರೆಗೆ ಅಂಕ ಕೊಡುವ ‘ಫ್ಲಾಕ್’ ಎಂಬ ಮಾಪನವಿದೆ. ಮೂರು ವರ್ಷ ದಾಟಿದವರಿಗೆ ನಗುಮುಖದಿಂದ ಅಳುಮುಖದವರೆಗಿನ ಆರು ಚಿತ್ರಗಳಲ್ಲಿ ಒಂದನ್ನು ತೋರಿಸಲು ಹೇಳುವ, 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ರೂಪುಗೊಂಡ ವಾಂಗ್–ಬೇಕರ್ ಮಾಪನವೂ ಇದೆ. ಆದರೆ ತನ್ನ ಮಗು ನೋವಾದಾಗ ಮೌನವಾಗುತ್ತದೆಯೋ, ಕೈ ಕಚ್ಚಿಕೊಳ್ಳುತ್ತದೆಯೋ ಎಂಬುದನ್ನು ಬಲ್ಲವಳು ತಾಯಿ. ಅಂಥ ಮಗುವಿನ ವಾರ್ಡಿನಲ್ಲಿ ಅವಳು ಬರಿಯ ಸಹಾಯಕಿಯಲ್ಲ, ದುಭಾಷಿ.

ಮಗುವಿನೊಡನೆ ಹೀಗೆ ಮಾತನಾಡಲು ಹೊಸ ಕಟ್ಟಡವಾಗಲಿ ದುಬಾರಿ ಯಂತ್ರವಾಗಲಿ ಬೇಕಿಲ್ಲ. ಹಾಸಿಗೆಯ ಎತ್ತರಕ್ಕೆ ಕುಳಿತು, ಮಗುವಿನ ಹೆಸರು ಹಿಡಿದು ಕರೆದು, ಮಾಡುವುದನ್ನು ಮೊದಲೇ ಹೇಳಿ, ಹೇಳಿದ್ದನ್ನೇ ಮಾಡುವ ಎರಡು ನಿಮಿಷಗಳ ವ್ಯವಧಾನ ಸಾಕು. ಚುಚ್ಚಿದಾಗ ಮಗು ಆಗಲೂ ಅಳಬಹುದು, ಅಳಲಿ. ಆದರೆ ಮರುದಿನ ಬೆಳಿಗ್ಗೆ ಅದೇ ಸಿಸ್ಟರ್ ಹತ್ತಿಯ ತಟ್ಟೆ ಹಿಡಿದು ಬಂದಾಗ ಆ ಮಗು ತಾನಾಗಿ ಒಂದು ಕೈಯನ್ನು ಮುಂದೆ ಚಾಚಿದರೆ, ಹಿಂದಿನ ದಿನ ಅದಕ್ಕೆ ಹೇಳಿದ ನಿಜವು ತಲುಪಿದೆ ಎಂದು ತಿಳಿಯಬೇಕು.