ಹೊಲಿಗೆ ಒಣಗಿತು, ಓಡಾಟ ಹೇಗಿದೆ?

ಬೀದರ, ಕಲಬುರಗಿ, ರಾಯಚೂರಿನ ಬಸ್ಸುಗಳು ಹೈದರಾಬಾದಿನ ಮಹಾತ್ಮ ಗಾಂಧಿ ಬಸ್ ನಿಲ್ದಾಣಕ್ಕೆ ಬಂದು ನಿಂತಾಗ, ಇಳಿಯುವವರಲ್ಲಿ ಒಬ್ಬಿಬ್ಬರ ಕಂಕುಳಲ್ಲಿ ಸ್ಕ್ಯಾನಿಂಗ್ ರಿಪೋರ್ಟಿನ ಅಗಲವಾದ ಲಕೋಟೆ ಇದ್ದೇ ಇರುತ್ತದೆ. 1956ರಲ್ಲಿ ನಿಜಾಮರ ಸೀಮೆ ಭಾಷೆಗೆ ತಕ್ಕಂತೆ ಹರಿದು ಹಂಚಿಹೋಯಿತು. ಕಾಯಿಲೆಯವರ ದಾರಿ ಮಾತ್ರ ಬದಲಾಗಲಿಲ್ಲ. ಬೀದರದಿಂದ ಹೈದರಾಬಾದ್ 140 ಕಿ.ಮೀ. ಆಸುಪಾಸು, ಬೆಂಗಳೂರು ಅದರ ಹಲವು ಪಟ್ಟು ದೂರ. ಹರ್ನಿಯಾ ಆಪರೇಷನ್ನಿಗೆ ಜಿಲ್ಲಾಸ್ಪತ್ರೆಯೇ ಸಾಕು. ಆದರೂ ಬರುತ್ತಾರೆ, ಕಾಚಿಗುಡದಲ್ಲೊಂದು ನೆಂಟರ ಮನೆ ಇದ್ದರಂತೂ ಮಾತೇ ಬೇಡ.

ಊರಿನ ಮಾತಿನಲ್ಲಿ ಹರ್ನಿಯಾ ಎಂದರೆ ‘ಕರುಳು ಇಳಿಯುವುದು’. ಹೊಟ್ಟೆಯ ಗೋಡೆ ಎಲ್ಲಿ ಸಡಿಲವೋ ಅಲ್ಲಿಂದ ಕರುಳೋ ಕೊಬ್ಬೋ ಹೊರಗೆ ಉಬ್ಬುತ್ತದೆ; ಮಲಗಿದರೆ ಒಳಗೆ, ಕೆಮ್ಮಿದರೆ ಹೊರಗೆ. ತೊಡೆಸಂದಿನ ಹರ್ನಿಯಾ ಜೀವಮಾನದಲ್ಲಿ ಶೇ 27ರಷ್ಟು ಗಂಡಸರನ್ನು, ಶೇ 3ರಷ್ಟು ಹೆಂಗಸರನ್ನು ಕಾಡುತ್ತದೆಂದು ಲೆಕ್ಕ. ಇಟಲಿಯ ಬಸ್ಸಿನಿ 1880ರ ದಶಕದಲ್ಲಿ ಪದರ ಪದರವಾಗಿ ಹೊಲಿದು ಮುಚ್ಚುವ ವಿಧಾನ ತಂದ. ನೂರು ವರ್ಷ ಕಳೆದ ಮೇಲೆ ಅಮೆರಿಕದ ಲಿಕ್ಟೆನ್‌ಸ್ಟೈನ್, ಸ್ನಾಯುಗಳನ್ನು ಎಳೆದು ಬಿಗಿಯದೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಜಾಳಿಗೆಯನ್ನು (ಮೆಶ್) ಹಾಸುವುದನ್ನು ರೂಢಿಗೆ ತಂದ. ಜಾಳಿಗೆ ದುಬಾರಿಯಾದಾಗ ಮಹಾರಾಷ್ಟ್ರದ ದೊಂಡಾಯಿಚಾದ ಸರ್ಜನ್ ರವೀಂದ್ರನಾಥ ಟೋಂಗಾಂವಕರ್ ಸೊಳ್ಳೆಪರದೆ ಬಟ್ಟೆಯನ್ನೇ ಕ್ರಿಮಿಶುದ್ಧ ಮಾಡಿ ಬಳಸಿ ತೋರಿಸಿದರು. ಮುಂದೆ ಉಗಾಂಡಾದಲ್ಲಿ 302 ಗಂಡಸರ ಮೇಲೆ ನಡೆದ ಪರೀಕ್ಷೆ 2016ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ನೋಡಿದರೆ ಅಗ್ಗದ ಪರದೆಗೂ ಕಂಪನಿ ಮಾಲಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಹೀಗೆ ಜಾಳಿಗೆಯಿಂದಾಗಿ ಹರ್ನಿಯಾ ಮರಳಿ ಬರುವುದು ಕಡಿಮೆಯಾಯಿತು. ಆಗ ಸರ್ಜನ್ನರ ಕಣ್ಣು ಇನ್ನೊಂದು ಕಡೆ ಹೊರಳಿತು. ಉಬ್ಬು ಹೋಗಿದೆ, ಗಾಯ ಒಣಗಿದೆ, ಆದರೆ ಮನುಷ್ಯ ಆರಾಮಾಗಿದ್ದಾನೆಯೇ? ತೊಡೆಸಂದಿನ ಹರ್ನಿಯಾ ಚಿಕಿತ್ಸೆಯ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಶೇ 10ರಿಂದ 12ರಷ್ಟು ಮಂದಿಗೆ ತಿಂಗಳುಗಟ್ಟಲೆ ಕಾಡುವ ನೋವು ಉಳಿಯುತ್ತದೆ. ದಿನ ಕಳೆದಂತೆ ಅದು ತಗ್ಗುತ್ತದೆ ನಿಜ. ಆದರೆ ಕೆಲಸಕ್ಕೇ ಅಡ್ಡಿಯಾಗುವಷ್ಟು ನೋವು ಶೇ 0.5ರಿಂದ 6ರಷ್ಟು ಜನರದು. ತೊಡೆಸಂದಿನಲ್ಲಿ ಹಾದುಹೋಗುವ ಮೂರು ಸಣ್ಣ ನರಗಳಲ್ಲಿ ಯಾವುದೋ ಒಂದು ಹೊಲಿಗೆಗೋ ಗಾಯದ ಗಡುಸಿಗೋ ಸಿಕ್ಕಿಕೊಳ್ಳುವುದು ಇದಕ್ಕೊಂದು ಕಾರಣ.

ನೋವಿನ ಮಾತು ಹೈದರಾಬಾದಿಗೆ ಹೊಸದಲ್ಲ. ಬಸ್ ನಿಲ್ದಾಣಕ್ಕೆ ಹತ್ತಿರದಲ್ಲೇ, ಮೂಸಿ ನದಿಯ ದಡದ ಅಫ್ಜಲ್‌ಗಂಜ್‌ನ ಹಳೆಯ ಆಸ್ಪತ್ರೆಯಲ್ಲಿ ಬ್ರಿಟಿಷ್ ರೆಸಿಡೆನ್ಸಿಯ ಸರ್ಜನ್ ಎಡ್ವರ್ಡ್ ಲಾರಿ, ಅರಿವಳಿಕೆಗೆ ಬಳಸುತ್ತಿದ್ದ ಕ್ಲೋರೋಫಾರ್ಮಿನ ಪಕ್ಷ ವಹಿಸಿ ಲಂಡನ್ನಿನ ಪಂಡಿತರ ಎದುರು ತೊಡೆ ತಟ್ಟಿದ್ದ. ಆರನೆಯ ನಿಜಾಂ ಮಹಬೂಬ್ ಅಲಿ ಖಾನ್ ಹಣ ಕೊಟ್ಟರು. 1888, 1889ರಲ್ಲಿ ಎರಡು ‘ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗ’ಗಳು ಕೂತವು. ಹೃದಯಕ್ಕೆ ಅಪಾಯವಿಲ್ಲ, ಉಸಿರಾಟ ನೋಡಿಕೊಂಡರಾಯಿತು ಎಂದ ಲಾರಿಯ ವಾದ ಮುಂದೆ ತಪ್ಪೆಂದು ಗೊತ್ತಾಯಿತು. ಆದರೆ ಅವನ ಶಿಷ್ಯೆ, ಪಾರ್ಸಿ ಹೆಣ್ಣುಮಗಳು ರೂಪಾ ಬಾಯಿ ಫರ್ದೂನ್‌ಜಿ ಜಗತ್ತಿನ ಮೊದಲ ಅರಿವಳಿಕೆ ವೈದ್ಯೆಯರ ಸಾಲಿನಲ್ಲಿ ಹೆಸರಾದರು. 1908ರ ಪ್ರವಾಹದಲ್ಲಿ ಆ ಆಸ್ಪತ್ರೆ ಕೊಚ್ಚಿಹೋಗಿ, ಅದರ ಜಾಗಕ್ಕೆ ಉಸ್ಮಾನಿಯಾ ಆಸ್ಪತ್ರೆ ಬಂತು. ಇಂದು ಸರಳವಾದ ಹರ್ನಿಯಾಕ್ಕೆ ಆ ಜಾಗವನ್ನಷ್ಟೇ ಜೋಮು ಹಿಡಿಸಿ ಆಪರೇಷನ್ ಮಾಡಬಹುದು, ರೋಗಿ ಮಾತಾಡುತ್ತಲೇ ಇರುತ್ತಾನೆ. ಆಪರೇಷನ್ ವೇಳೆಯ ನೋವಿನ ಜಗಳ ಬಹುಪಾಲು ಮುಗಿಯಿತು. ಮನೆಗೆ ಹೋದ ಮೇಲಿನದು ಉಳಿಯಿತು.

ಆ ನೋವನ್ನು ಅಳೆಯಲು ಅಮೆರಿಕದ ಉತ್ತರ ಕೆರೊಲಿನಾದ ಸರ್ಜನ್ನರು 2008ರಲ್ಲಿ 23 ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಮಲಗಿದಾಗ, ಬಗ್ಗಿದಾಗ, ಕೆಮ್ಮಿದಾಗ, ಮೆಟ್ಟಿಲು ಹತ್ತಿದಾಗ ಜಾಳಿಗೆ ತಾಗಿದಂತಾಗುತ್ತದೆಯೇ, ನೋವಾಗುತ್ತದೆಯೇ, ಚಲನೆಗೆ ಅಡ್ಡಿಯೇ ಎಂದು ಕೇಳುತ್ತದೆ. ಒಳ್ಳೆಯ ಪಟ್ಟಿ. ಆದರೆ ಕುಕ್ಕರಗಾಲಲ್ಲಿ ಕೂರುವುದನ್ನು ಅದು ಕೇಳುವುದಿಲ್ಲ. ದೇಶಿ ಪಾಯಿಖಾನೆ, ನೆಲದ ಮೇಲಿನ ಊಟ, ದಿನಕ್ಕೆ ಐದು ಹೊತ್ತಿನ ನಮಾಜು, ತಗ್ಗುದಿಣ್ಣೆಯ ರಸ್ತೆಯಲ್ಲಿ ಬೈಕು, ಇವು ಯಾವುವೂ ಅದರಲ್ಲಿಲ್ಲ. ಹೈದರಾಬಾದಿನ ರೋಗಿ ಡಾಕ್ಟರನ್ನು ಮೊದಲು ಕೇಳುವುದು ಮಾತ್ರ ಇವನ್ನೇ.

ಡಾಕ್ಟರು ಒಂದು ಹೇಳಿದರೆ ಮನೆಯವರು ಇನ್ನೊಂದು ಹೇಳುತ್ತಾರೆ. ಮೂರು ತಿಂಗಳು ಹಾಸಿಗೆ ಬಿಡಬೇಡ, ತೊಗರಿಬೇಳೆ ನಂಜು, ಬದನೆಕಾಯಿಯಿಂದ ಕೀವು. ಗಾಯ ಮಾಯಲು ಬೇಕಾದ ಪ್ರೋಟೀನ್ ಇರುವ ಬೇಳೆಯನ್ನೇ ಪಥ್ಯದ ಹೆಸರಿನಲ್ಲಿ ತಟ್ಟೆಯಿಂದ ತೆಗೆದುಬಿಡುತ್ತಾರೆ! ತೊಂದರೆಯಿಲ್ಲದ ತೊಡೆಸಂದಿನ ಹರ್ನಿಯಾದ ಆಪರೇಷನ್ ಬಳಿಕ ಮೂರರಿಂದ ಐದು ದಿನಗಳಲ್ಲಿ, ಮೈ ಒಪ್ಪಿದಷ್ಟು, ಎಂದಿನ ಓಡಾಟಕ್ಕೆ ಮರಳಬಹುದು ಎನ್ನುತ್ತದೆ ಅದೇ ಮಾರ್ಗಸೂಚಿ. ಕೆನಡಾದ ಶೋಲ್ಡೈಸ್ ಆಸ್ಪತ್ರೆ 1945ರಿಂದಲೂ ರೋಗಿಗಳನ್ನು ಬೇಗ ಎಬ್ಬಿಸಿ ನಡೆಸುವುದಕ್ಕೇ ಹೆಸರುವಾಸಿ. ಹೊಟ್ಟೆ ಕೊಯ್ದು ಮಾಡಿದ ಹಳೆಯ ಆಪರೇಷನ್ನಿನ ಜಾಗದಲ್ಲಿ ಎದ್ದ ದೊಡ್ಡ ಹರ್ನಿಯಾ ಬೇರೆ ಕತೆ, ಅಲ್ಲಿ ವಾರಗಳೇ ಬೇಕು.

ಭಾರದ ಭಯವೂ ಅಷ್ಟೇ. ಹೊಟ್ಟೆಯೊಳಗಿನ ಒತ್ತಡ ಅಳೆದವರಿಗೆ ಅದು ಅತಿ ಹೆಚ್ಚು ಕಂಡದ್ದು ಕೆಮ್ಮಿದಾಗ ಮತ್ತು ನೆಗೆದಾಗ, ಸಣ್ಣಪುಟ್ಟ ಭಾರ ಎತ್ತಿದಾಗಲ್ಲ. ಕೊಡ ಎತ್ತಬೇಡ ಎನ್ನುವ ಮನೆಯವರು ಬೀಡಿಯ ಕೆಮ್ಮು, ಮಲಬದ್ಧತೆಯ ತಿಣುಕಾಟವನ್ನು ಮರೆತೇ ಬಿಡುತ್ತಾರೆ. ಹಾಗೆಂದು ಹೈದರಾಬಾದಿನ ಬೇಗಂ ಬಜಾರಿನ ಹಮಾಲಿ ಐದನೇ ದಿನಕ್ಕೇ ಕ್ವಿಂಟಲ್ ಚೀಲಕ್ಕೆ ಬೆನ್ನು ಕೊಡಬೇಕೆಂದಲ್ಲ. ಆಫೀಸಿನವನಿಗೆ ರಜೆ ಸಿಗುತ್ತದೆ, ಹಮಾಲಿಗೆ ಪ್ರತಿ ದಿನದ ವಿಶ್ರಾಂತಿ ಎಂದರೆ ಒಂದು ದಿನದ ಕೂಲಿ. ಅವನಿಗೆ ‘ಭಾರ ಎತ್ತಬೇಡ’ ಎಂದು ಬರೆದುಕೊಟ್ಟರೆ ಸಾಲದು; ಯಾವ ವಾರ ಎಷ್ಟು ಕಿಲೋ ಎಂದು ಬಿಡಿಸಿ ಹೇಳಬೇಕು, ಅದೂ ಅವನ ಭಾಷೆಯಲ್ಲಿ. ಊರಿಗೆ ಹೊರಡುವ ಮುಂಚೆ ಇನ್ನೊಂದನ್ನೂ ಹೇಳಿ ಕಳಿಸಬೇಕು: ಜ್ವರ, ಗಾಯ ಕೆಂಪಾಗಿ ಸೋರುವುದು, ಮೂತ್ರ ಕಟ್ಟುವುದು, ವಾಂತಿಯೊಂದಿಗೆ ಹೊಟ್ಟೆ ಉಬ್ಬರ, ಇವುಗಳಲ್ಲಿ ಯಾವುದು ಕಂಡರೂ ಹೈದರಾಬಾದಿನ ಬಸ್ಸಿಗೆ ಕಾಯಬಾರದು, ಹತ್ತಿರದ ತಾಲ್ಲೂಕು ಆಸ್ಪತ್ರೆಗೇ ಹೋಗಬೇಕು.